ಮಾರಿ ಕಾಣುವ ಸ್ಕೇಲು

"ಚಳವಳಿ ಮಾಡೋ ಮನಷ್ಯಾ, ಆಟಿಗಿ ರೈಲು ಹಿಡ್ಕೊಂಡು ಕುಂತೀಯಲ್ಲೋ" ಅಂತ ಗೆಳೆಯರು ಒಂದು ತಿಂಗಳಿಂದ ಕಾಡ್ತಿದ್ದಾರೆ. ಹೌದು, ಕುಂತೀನಿ. ನಮ್ಮಪ್ಪ ರವಿವಾರ ಪೇಟೆಯಲ್ಲಿ ಹಮಾಲಿ ಮಾಡಿದ. ಅವನ ಬದುಕಿನಲ್ಲಿ ಆಟ ಅನ್ನೋದೇ ಇರಲಿಲ್ಲ. ನನಗೂ ಇರಲಿಲ್ಲ. ಮಗಳಿಗಾದರೂ ಇರಲಿ ಅಂತ ಶುರು ಮಾಡಿದೆ, ಈಗ ನನಗೇ ಹುಚ್ಚು ಹಿಡಿದಿದೆ.

ಮೊದಲ ತಕರಾರು ಸ್ಕೇಲಿಂದು. ಅಂದರೆ ನಿಜವಾದ ರೈಲಿಗಿಂತ ನಮ್ಮ ರೈಲು ಎಷ್ಟು ಪಟ್ಟು ಸಣ್ಣದಿರಬೇಕು ಅನ್ನೋದು. ಮನೆಯಲ್ಲಿ ಇರೋದು ನಾಲ್ಕಡಿ ಉದ್ದ, ಎರಡಡಿ ಅಗಲದ ಒಂದು ಪ್ಲೈವುಡ್ ಹಲಗೆ. ಮಗಳಿಗೆ ಬೆಳಗಾವಿ–ಖಾನಾಪುರ ಲೈನು ಬೇಕು. ಎನ್ ಸ್ಕೇಲು 160 ಪಟ್ಟು ಸಣ್ಣದು. ಅದರಲ್ಲೂ ಆ ಸುಮಾರು 25 ಕಿಲೋಮೀಟರ್ ದಾರಿ 150 ಮೀಟರ್ ದಾಟುತ್ತದೆ! ದಾರಿ ಮೊಟಕು ಮಾಡಿ, ಎರಡು ಸ್ಟೇಷನ್, ನಡುವೆ ತಿರುವು ಅಂದರೆ ಎನ್‌ನಲ್ಲಿ ಹಿಡಿಸುತ್ತದೆ. ಸರಿ ಅಂತ ಒಂದು ಸೆಂಟಿಮೀಟರ್ ಎತ್ತರದ ಮನುಷ್ಯನ್ನ ಮಾಡಿ ಪ್ಲಾಟ್‌ಫಾರ್ಮ್ ಮೇಲಿಟ್ಟೆ. ಮಗಳು ಬಗ್ಗಿ ನೋಡಿದಳು. "ಅಪ್ಪಾ, ಇವಂಗ ಮಾರೀನ ಇಲ್ಲಲ್ಲ!"

ಆ ಮಾತು ತಲೆಯಲ್ಲೇ ಕೂತಿತು. ಲೈನು ಪೂರ್ತಿ ಕಾಣಬೇಕು ಅಂತ ಹೊರಟರೆ ಮೊದಲು ಅಳಿಸಿ ಹೋಗೋದು ಹಳಿ ಹಾಸಿದವನ ಮಾರಿ, ಮೂಟೆ ಹೊತ್ತವನ ಮಾರಿ.

ಆ ರಾತ್ರಿ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಮತ್ತೆ ತೆಗೆದೆ. 1901. ತಂದೆಯನ್ನು ನೋಡಲು ಸತಾರಾದಿಂದ ಹೊರಟ ನಾಲ್ವರು ಮಕ್ಕಳು ಸಂಜೆ ಐದಕ್ಕೆ ಮಸೂರ ಸ್ಟೇಷನ್ನಿನಲ್ಲಿ ಇಳೀತಾರೆ. ಮೈಮೇಲೆ ಒಳ್ಳೆ ಬಟ್ಟೆ, ತಲೆ ಮೇಲೆ ಹೊಳೆಯುವ ಟೋಪಿ. ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ ವಿಚಾರಿಸ್ತಾನೆ. ಮಹಾರರು ಅಂತ ಗೊತ್ತಾದ ಕೂಡಲೇ ಅವನ ಮುಖ ಬದಲಾಗುತ್ತದೆ, ತನ್ನ ಕೋಣೆಗೆ ಹೋಗಿಬಿಡ್ತಾನೆ. ಕೊನೆಗೆ ಒಬ್ಬ ಗಾಡಿಯವ ಒಪ್ಪಿದ್ದು ದುಪ್ಪಟ್ಟು ಬಾಡಿಗೆಗೆ. ಅದೂ ಮಕ್ಕಳೇ ಗಾಡಿ ಹೊಡೀಬೇಕು, ತಾನು ನಡೆದು ಬರ್ತೀನಿ ಅನ್ನೋ ಷರತ್ತಿನ ಮೇಲೆ.

ಮಸೂರ ಎಲ್ಲೋ ದೂರದ ಊರಲ್ಲ. ಪುಣೆ–ಮಿರಜ್–ಬೆಳಗಾವಿ–ಲೋಂಡಾ, ನಮ್ಮದೇ ಲೈನು. ಆಗ ಅದು ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್. 22.5 ಪಟ್ಟು ಸಣ್ಣದಾದ ಜಿ ಸ್ಕೇಲಿನ 45 ಮಿಲಿಮೀಟರ್ ಹಳಿ ಮೀಟರ್ ಗೇಜಿಗೆ ಹೆಚ್ಚುಕಡಿಮೆ ಸರಿಯಾಗಿ ಕೂಡುತ್ತದೆ. ನಾಲ್ಕಡಿ ಎತ್ತರದ ಹುಡುಗ ಎನ್‌ನಲ್ಲಿ 8 ಮಿಲಿಮೀಟರ್, 87 ಪಟ್ಟು ಸಣ್ಣದಾದ ಎಚ್‌ಒದಲ್ಲಿ 14, ಜಿಯಲ್ಲಿ 54. ಜಿಯಲ್ಲಿ ಕಣ್ಣು ಬರೀಬಹುದು, ಟೋಪಿಯ ಹೊಳಪೂ ತೋರಿಸಬಹುದು.

ಆದರೆ ಜಿ ಸ್ಕೇಲಿನ ಹಳಿ ಸುತ್ತು ತಿರುಗೋಕೆ ನಾಲ್ಕಡಿ ಅಗಲ ಬೇಕು. ನಮ್ಮ ಹಲಗೆ ಎರಡಡಿ.

"ರೈಲು ಓಡಂಗಿಲ್ಲವ್ವಾ" ಅಂದೆ.

"ಆ ಹುಡುಗ್ರು ಇಳಿದ ಮ್ಯಾಲ ರೈಲು ಹೋಗಿತ್ತಲ್ಲಪ್ಪಾ?"

ಹೌದಲ್ಲ! ಆ ಕತೆ ಶುರುವಾಗೋದೇ ರೈಲು ಹೋದ ಮೇಲೆ.

ಜಿ ಸ್ಕೇಲೇ ಖಾಯಂ ಆಯ್ತು. ಎಂಜಿನ್ ಖರ್ಚೂ ಉಳೀತು. ಒಂದು ನೇರ ಹಳಿ, ಖಾಲಿ ಪ್ಲಾಟ್‌ಫಾರ್ಮ್, ನಾಲ್ಕು ಮಕ್ಕಳು, ಮಾಸ್ತರನ ಮುಚ್ಚಿದ ಬಾಗಿಲು. ಮಕ್ಕಳಿಗೂ ಬಾಗಿಲಿಗೂ ನಡುವೆ ಹತ್ತಡಿ ಅಂತ ಹಿಡಿದೆ. ಎನ್‌ನಲ್ಲಿ ಅದು ಎರಡು ಸೆಂಟಿಮೀಟರ್ ಕೂಡ ಆಗ್ತಿರಲಿಲ್ಲ, ಒಬ್ಬರ ಪಕ್ಕ ಒಬ್ಬರು ನಿಂತಂಗೆ ಕಾಣ್ತಿತ್ತು. ಇಲ್ಲಿ ಹದಿಮೂರೂವರೆ ಸೆಂಟಿಮೀಟರ್. ಆ ಖಾಲಿ ಜಾಗ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮಗಳು ಮೂರು ಮಾರಿಗೆ ಬಣ್ಣ ಹಚ್ಚಿದ್ದಾಳೆ. ಭೀಮನದು ಕೊನೆಗೆ ಅಂತೆ.

ಆಮೇಲೆ ಅವಳಿಗೆ ಅಂತಲೇ ಇನ್ನೊಂದು ಹಲಗೆ ತರ್ತೀನಿ. ಎನ್ ಸ್ಕೇಲು, ಖಾನಾಪುರ ಲೈನು, ರೈಲು ಗರಗರ ಓಡಬೇಕು. ನಮ್ಮ ಮಕ್ಕಳಿಗೆ ಇತಿಹಾಸ ಗೊತ್ತಿರಲೇಬೇಕು, ಸುಮ್ಮನೆ ಆಡೋ ಹಕ್ಕೂ ಇರಬೇಕು.

ನಗೋ ಗೆಳೆಯರು ಒಮ್ಮೆ ಮನೆಗೆ ಬಂದು ನೋಡಿ ಹೋಗ್ರಿ. ಚಾ ಕುಡಿಸ್ತೀನಿ.

ಜೈ ಭೀಮ್.