ಕೆನ್ನೆ ಉರಿಗೆ ಒಂದು ಕಾಗದ

ಪ್ರೀತಿಯ ಪುಟ್ಟಿ,

ಫೇಸ್‌ವಾಶ್ ಬಾಟಲಿಯ ಹಿಂಬದಿಯ ಫೋಟೊ ಕಳಿಸಿ, ‘ಕೊಕಮಿಡೊಪ್ರೊಪೈಲ್ ಬೀಟೇನ್’ ಎಂಬ ಹೆಸರಿಗೆ ಕೆಂಪು ಗೆರೆ ಎಳೆದು, "ಅಕ್ಕಾ, ಇದು ವಿಷವೇನೇ?" ಎಂದು ಕೇಳಿದ್ದೀಯ. ಗೆರೆ ನೋಡಿ ನಗು ಬಂತು. ಕೆನ್ನೆ ಉರಿಯುತ್ತಿದೆ ಎಂದು ಓದಿದ ಮೇಲೆ ಹೊಟ್ಟೆಯಲ್ಲಿ ಸಂಕಟವಾಯಿತು. ನಿನ್ನ ದೊಡ್ಡಮ್ಮನಂತೂ ಹಾಲಿನ ಕೆನೆ ಹಚ್ಚಲು ಹೇಳು ಎಂದು ಬೆಳಗಿನಿಂದ ನನ್ನ ಬೆನ್ನು ಹತ್ತಿದ್ದಾರೆ.

ಹೆದರಬೇಡ ಕಣೇ, ಅದು ವಿಷವಲ್ಲ. ಕೊಬ್ಬರಿ ಎಣ್ಣೆಯ ಕೊಬ್ಬಿನ ಆಮ್ಲಗಳಿಂದ ಕಾರ್ಖಾನೆಯಲ್ಲಿ ತಯಾರಾಗುವ ನೊರೆಯ ವಸ್ತು. ಅದರ ಅಣುವಿನ ಒಂದು ತುದಿಗೆ ನೀರಿನ ನಂಟು, ಇನ್ನೊಂದಕ್ಕೆ ಜಿಡ್ಡಿನ ನಂಟು. ಹಾಗಾಗಿ ಮುಖದ ಜಿಡ್ಡನ್ನು ಸುತ್ತುಗಟ್ಟಿ ನೀರಿನ ಜೊತೆ ಕಳಿಸಿಬಿಡುತ್ತದೆ. ನೀನು ಚಿಕ್ಕವಳಿದ್ದಾಗ ಕಣ್ಣಿಗೆ ಬಿತ್ತೆಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದೆಯಲ್ಲ, ಆ ಸೀಗೆಕಾಯಿಯಲ್ಲಿರುವ ಸಪೋನಿನ್ ಮಾಡುವುದೂ ಇದನ್ನೇ.

ಹೊರಗಿನ ಜಿಡ್ಡಿನ ಜೊತೆ ಚರ್ಮದ ಸ್ವಂತ ಪಸೆಯೂ ಹೋದರೆ ಬಿಗಿತ, ಉರಿ ಶುರುವಾಗುತ್ತದೆ. ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಇನ್ನೊಂದು ನೊರೆಯ ವಸ್ತು ಈ ವಿಷಯದಲ್ಲಿ ಬಲು ಒರಟು. ಚರ್ಮ ಹೇಗೆ ಕೆರಳುತ್ತದೆ ಎಂದು ಅಧ್ಯಯನ ಮಾಡುವವರು ಬೇಕೆಂದೇ ಹಚ್ಚಿ ನೋಡುವುದು ಅದನ್ನೇ. ಸೋಡಿಯಂ ಲಾರೆತ್ ಸಲ್ಫೇಟ್ ಸ್ವಲ್ಪ ಮೃದು. ಇವುಗಳ ಜೊತೆ ಬೀಟೇನ್ ಬೆರೆತರೆ ಒರಟುತನ ಇನ್ನಷ್ಟು ತಗ್ಗುತ್ತದೆ. ಮಕ್ಕಳ ಶಾಂಪೂಗಳಲ್ಲೂ ಅದು ಇರುವುದು ಇದಕ್ಕೇ.

ಹಾಗೆಂದು ಅದಕ್ಕೆ ಪೂರ್ತಿ ಒಳ್ಳೆಯ ಹೆಸರೂ ಇಲ್ಲ. 2004ರಲ್ಲಿ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ಆದರೆ ತಪ್ಪು ಹೆಚ್ಚಾಗಿ ಬೀಟೇನ್‌ನದಲ್ಲ, ತಯಾರಿಕೆಯಲ್ಲಿ ಉಳಿದುಬಿಡುವ ಅಮಿಡೊಅಮೀನ್‌ನಂಥ ಕಲ್ಮಶಗಳದು. ಶುದ್ಧವಾಗಿ ತಯಾರಿಸಿದ್ದರೆ, ಹಚ್ಚಿ ತೊಳೆದುಬಿಡುವ ವಸ್ತುಗಳಲ್ಲಿ ಬಹುಪಾಲು ಜನಕ್ಕೆ ಅದರಿಂದ ತೊಂದರೆಯಿಲ್ಲ. ಒಬ್ಬಿಬ್ಬರಿಗೆ ಮಾತ್ರ ಆಗಿಬರುವುದಿಲ್ಲ. ಆ ಒಬ್ಬಳು ನೀನೇ ಇರಬಹುದೇ ಎಂಬುದಷ್ಟೇ ನನ್ನ ಚಿಂತೆ.

ಗಮನಿಸಿ ನೋಡು. ತೊಳೆದ ಕೂಡಲೇ ಉರಿದು ಬಿಗಿದರೆ ಅದು ಬರೀ ಕೆರಳಿಕೆ ಇರಬಹುದು. ಒಂದೆರಡು ದಿನ ಬಿಟ್ಟು ತುರಿಕೆ ಎದ್ದು, ರೆಪ್ಪೆ, ಕುತ್ತಿಗೆಗಳಲ್ಲೂ ಕೆಂಪಾದರೆ ಅಲರ್ಜಿಯ ಸಂಶಯ ಬರಬೇಕು. ಆಗ ಶಾಂಪೂ ಬಾಟಲಿಯನ್ನೂ ತಿರುಗಿಸಿ ಓದು, ಅದೇ ಬೀಟೇನ್ ಅಲ್ಲೂ ಇದ್ದೀತು. ಪರಿಮಳಕ್ಕೆ, ಕೆಡದಿರಲಿ ಎಂದು ಹಾಕಿದ ವಸ್ತುಗಳೂ ಕಾರಣವಾಗಬಹುದು. ‘ಹರ್ಬಲ್’, ‘ತೆಂಗಿನಿಂದ ತಯಾರಾದದ್ದು’ ಎಂಬ ಹೊಗಳಿಕೆಗೆ ಮರುಳಾಗಬೇಡ ಮಾರಾಯ್ತಿ.

ಸದ್ಯಕ್ಕೆ ಆ ಫೇಸ್‌ವಾಶ್ ಬದಿಗಿಡು. ಕೋಪ ಬಂತೆಂದು ಬಟ್ಟೆ ಸೋಪಿಗೆ ಕೈ ಹಾಕಬೇಡ, ನಿನ್ನನ್ನು ನಂಬುವ ಹಾಗಿಲ್ಲ! ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ) 5ರ ಆಸುಪಾಸು, ಸೋಪಿನದು 9–10, ಈ ಅಂತರದಿಂದ ಉರಿ ಹೆಚ್ಚಾಗುತ್ತದೆ. ಕಡಲೆಹಿಟ್ಟು ಹಚ್ಚಿ ಗಸಗಸ ತಿಕ್ಕುವುದೂ ಬೇಡ. ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಮಾಯಿಶ್ಚರೈಸರ್ ಸಾಕು.

ಇಷ್ಟಕ್ಕೂ ಇಳಿಯದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗು, ಬಳಸುವ ಬಾಟಲಿಗಳನ್ನೆಲ್ಲ ಜೊತೆಗೆ ಒಯ್ದು ತೋರಿಸು. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಇದೆ, ನೋವಾಗುವುದಿಲ್ಲ. ಯಾವುದು ಆಗಿಬರುವುದಿಲ್ಲ ಎಂದು ಒಮ್ಮೆ ಗೊತ್ತಾದರೆ ಅದೊಂದನ್ನು ಬಿಟ್ಟರಾಯಿತು, ಉಳಿದ ಹೆಸರುಗಳಿಗೆಲ್ಲ ಕೆಂಪು ಗೆರೆ ಎಳೆಯುವ ಕೆಲಸ ತಪ್ಪುತ್ತದೆ. ಡಾಕ್ಟರು ಏನೆಂದರು ಅಂತ ತಪ್ಪದೆ ಬರಿ.

ನಿನ್ನ ಅಕ್ಕ