ಯಾರ ಎಂಟು?

ಹೋದ ದೀಪಾವಳಿಗೆ ಊರಿಗೆ ಹೋದಾಗ ಹೈಸ್ಕೂಲ್ ಗೆಳೆಯ ಗಂಟುಬಿದ್ದ. ಅವನದು ಅಥಣಿ ಕಡೆಯ ಮದಭಾವಿ, ಕೊಲ್ಹಾಪುರಿ ಚಪ್ಪಲಿ ಮಾಡುವ ಊರು. "ನೀ ಬೆಂಗಳೂರಾಗ ಕಂಪ್ಯೂಟರ್ ಕೆಲಸ ಮಾಡಾಂವ. ನಮ್ಮ ಚಪ್ಪಲಿದೊಂದು ಯೂಟ್ಯೂಬ್ ವಿಡಿಯೋ ಮಾಡಿಕೊಡೋ."

ಅವನ ಪಡಸಾಲೆಯಲ್ಲೇ ಮೊಬೈಲಿನಲ್ಲಿ ಶೂಟ್ ಮಾಡಿದೆ. ಎಣ್ಣೆ ಕುಡಿದು ಕಪ್ಪಾದ ಚರ್ಮ, ಅದರ ಮೇಲೆ ಅದೇ ಬಣ್ಣದ ಚರ್ಮದ ದಾರದ ಹೊಲಿಗೆ. ಒಂದೂ ಮೊಳೆ ಇಲ್ಲ. ಮೇಲಿನ ಪಟ್ಟಿ ಹೆಣೆಯುವುದು ಅವನ ಅವ್ವ. 2019ರಲ್ಲಿ ಈ ಚಪ್ಪಲಿಗೆ ಜಿಐ ಟ್ಯಾಗ್ ಬಂತು. ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಪೈಕಿ ನಮ್ಮ ಬೆಳಗಾವಿಯೂ ಒಂದು. ಆದ್ರೆ ಗಿರಾಕಿ ಟ್ಯಾಗ್ ನೋಡಲ್ಲ, ಹೊಲಿಗೆ ನೋಡ್ತಾನೆ.

ಬೆಂಗಳೂರಿಗೆ ಬಂದು ಎಡಿಟ್ ಮಾಡಿದೆ. ಎಕ್ಸ್‌ಪೋರ್ಟ್ ಮಾಡುವಾಗ ಕಲರ್ ರೇಂಜ್ ಲಿಮಿಟೆಡ್ಡೋ ಫುಲ್ಲೋ ಅಂತ ಕೇಳಿತು. ಫುಲ್ ಊಟ ಇರುವಾಗ ಮಿನಿ ಊಟ ಯಾರಿಗೆ ಬೇಕು? ಫುಲ್ ಒತ್ತಿ ಅಪ್‌ಲೋಡ್ ಮಾಡಿ ಮಲಗಿದೆ.

ಎರಡು ದಿನಕ್ಕೆ ಫೋನ್ ಬಂತು. "ದೋಸ್ತ, ಹೊಲಗಿನ ಕಾಣವಲ್ದು. ಒಬ್ಬ ಗಿರಾಕಿ ಇದು ರೆಕ್ಸಿನ್ ಐತಿ, ಅಂಟಿಸ್ಯಾರ ಅಂದ. ಅವ್ವ ಅದನ್ನ ಕೇಳಿದಾಗಿಂದ ಮಾತಾಡವಲ್ಳು."

ನನ್ನ ಲ್ಯಾಪ್‌ಟಾಪಿನ ಟೈಮ್‌ಲೈನಿನಲ್ಲಿ ಹೊಲಿಗೆ ಸ್ಪಷ್ಟವಾಗೇ ಇತ್ತು. ಅಪ್‌ಲೋಡ್ ಆದದ್ದರಲ್ಲಿ ಚಪ್ಪಲಿ ಬರೀ ಕಪ್ಪು ಮುದ್ದೆ.

ಆಮೇಲೆ ಓದಿ ತಿಳಿದದ್ದು ಇಷ್ಟು. 8 ಬಿಟ್ ವಿಡಿಯೋದಲ್ಲಿ ಬೆಳಕಿಗೆ 0ಯಿಂದ 255ರವರೆಗೆ ಅಂಕಿ. ಫುಲ್ ರೇಂಜಿನಲ್ಲಿ 0 ಕಪ್ಪು, 255 ಬಿಳುಪು. ಟಿವಿ ಕಾಲದಿಂದ ಬಂದ ಲಿಮಿಟೆಡ್‌ನಲ್ಲಿ 16 ಕಪ್ಪು, 235 ಬಿಳುಪು. ಸಿಗ್ನಲ್ ಸ್ವಲ್ಪ ಆಚೀಚೆಯಾದರೂ ಇರಲಿ ಅಂತ ಎರಡೂ ಕಡೆ ಜಾಗ ಬಿಟ್ಟಿದ್ದಾರೆ. ಇದರಲ್ಲಿ ಒಂದು ಮೇಲು ಇನ್ನೊಂದು ಕೀಳು ಅಂತಿಲ್ಲ. ಬರೆದವನೂ ಓದುವವನೂ ಒಂದೇ ಲೆಕ್ಕ ಹಿಡಿದಿರಬೇಕು, ಅಷ್ಟೇ. ನನ್ನ ಫೈಲಿನೊಳಗೆ ಫುಲ್ ಅಂಕಿ, ಮೇಲಿನ ಚೀಟಿಯಲ್ಲಿ ಲಿಮಿಟೆಡ್. ಹಾಗಾಗಿ 16ರ ಕೆಳಗಿದ್ದದ್ದೆಲ್ಲ ಒಂದೇ ಕಪ್ಪಾಯಿತು. ಆ ಅವ್ವನ ಕೆಲಸವೆಲ್ಲ ಅಲ್ಲೇ ಇತ್ತು. ಇದರ ಉಲ್ಟಾ ಆಗಿದ್ದರೆ ಇಡೀ ಚಿತ್ರ ಬೂದಿ ಬಳಿದಂತೆ ಪೇಲವವಾಗುತ್ತಿತ್ತು.

ಬಿಟಿ.709, ಲಿಮಿಟೆಡ್ ಇಟ್ಟು ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ. ಈ ಸಲ ಮೊದಲು ಅನ್‌ಲಿಸ್ಟೆಡ್ ಆಗಿ ಹಾಕಿ, ಲಿಂಕನ್ನು ಗೆಳೆಯನಿಗೇ ಕಳಿಸಿದೆ. ಗಿರಾಕಿ ನೋಡೋದು ನನ್ನ ಮಾನಿಟರಿನಲ್ಲಲ್ಲ, ಅಂಥದೇ ಫೋನಿನಲ್ಲಿ.

"ಈಗ ಅವ್ವ ತನ್ನ ಹೆಣಿಕಿ ತಾನ ಎಣಸಾಕತ್ತಾಳ" ಅಂದ. ತಪ್ಪು ನನ್ನದೇ ಅಂತ 16, 235ರ ಕಥೆ ಹೇಳಿದೆ. ಅವನಿಗೇನೂ ಹೊಸದನ್ನಿಸಲಿಲ್ಲ.

"ನಮ್ಮಲ್ಲೂ ಹಂಗ ಐತಲ್ಲೋ. ಗಿರಾಕಿ ಫೋನ್ ಮಾಡಿ 8 ನಂಬರ್ ಕಳಸ್ರಿ ಅಂತಾನ. ಯಾರ 8 ಅಂತ ಕೇಳ್ದ ನಾವು ಚರ್ಮ ಕೊಯ್ಯೂದಿಲ್ಲ. ಹಾಳ್ಯಾಗ ಕಾಲಿಟ್ಟು ಗೀಟು ಹೊಡದು ಫೋಟೋ ಕಳಸ್ ಅಂತೀವಿ."