ಕಣ್ಣು ಹೊಂದಿದರೆ ತಪ್ಪು ಸಾಬೀತಾಯಿತೇ?

ಆಧಾರ್ ಮಾಡಿಸುವಾಗ ನಾವೆಲ್ಲ ಒಂದು ಯಂತ್ರದ ಮುಂದೆ ಕಣ್ಣರಳಿಸಿದ್ದೇವೆ. ಅದು ತೆಗೆದುಕೊಂಡದ್ದು ಪಾಪೆಯ ಸುತ್ತಲಿನ ಬಣ್ಣದ ಉಂಗುರದ ಚಿತ್ರ. ಅದೇ ಐರಿಸ್. ಅದರ ಎಳೆಗಳು ಅವಳಿ ಮಕ್ಕಳಲ್ಲೂ ಬೇರೆ, ಒಬ್ಬರದೇ ಎಡಗಣ್ಣು ಬಲಗಣ್ಣಿನಲ್ಲೂ ಬೇರೆ. ಗೆಯ್ಮೆ ಮಾಡಿ ಬೆರಳಗೆರೆ ಸವೆದವರಿಗೆ ಕಣ್ಣೇ ಗುರುತು. ಹಾಗಾಗಿ ನಮಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಈ ನಂಬಿಕೆ ಕೋರ್ಟಿನ ಮೆಟ್ಟಿಲು ಹತ್ತಿದರೆ? ನಾವು ಗೆಳೆಯರು ಇದರ ಬಗ್ಗೆ ಬಹಳ ಮಾತಾಡಿಕೊಂಡಿದ್ದೇವೆ. ಅಮೆರಿಕದಲ್ಲಿ ಗಂಭೀರ ಕ್ರಿಮಿನಲ್ ಕೇಸು ವಿಚಾರಣೆಗೆ ಬಂದರೆ ಸಾಮಾನ್ಯವಾಗಿ 12 ಜನರ ಜ್ಯೂರಿ ತೀರ್ಮಾನ ಹೇಳುತ್ತದೆ. ಅವರು ವಿಜ್ಞಾನಿಗಳಲ್ಲ, ನಮ್ಮ ನಿಮ್ಮಂಥವರು. ತಜ್ಞರು ಬಂದು "ಕಣ್ಣು ಹೊಂದಿದೆ" ಎಂದರೆ ಅದರ ಅರ್ಥವೇನೆಂದು ಅವರಿಗೆ ತಿಳಿಸುವುದು ಹೇಗೆ? ಹಳ್ಳಿಗೆ ಸುದ್ದಿ ಬರೆಯುವ ನಮ್ಮ ಕೆಲಸವೂ ಹೆಚ್ಚುಕಮ್ಮಿ ಅದೇ.

ನಾವಾದರೆ ಶರ್ಬತ್ ಗುಲಾ ಕಥೆಯಿಂದ ಶುರು ಮಾಡುತ್ತೇವೆ. 1985ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ ಬಂದ ಹಸಿರು ಕಣ್ಣಿನ ಅಫ್ಘಾನ್ ಹುಡುಗಿ ಆಕೆ. 2002ರಲ್ಲಿ ಆಕೆ ಸಿಕ್ಕಾಗ ಕೇಂಬ್ರಿಡ್ಜ್‌ನ ಜಾನ್ ಡಾಗ್‌ಮನ್ ಹಳೆಯ ಮತ್ತು ಹೊಸ ಫೋಟೋಗಳ ಕಣ್ಣುಗಳನ್ನು ಹೋಲಿಸಿದರು. ಅವರ ವಿಧಾನದಲ್ಲಿ ಐರಿಸ್ ಚಿತ್ರ 2,048 ಸೊನ್ನೆ-ಒಂದುಗಳ ಸಾಲಾಗುತ್ತದೆ. ಬೇರೆ ಬೇರೆ ಕಣ್ಣುಗಳಾದರೆ ಸುಮಾರು ಅರ್ಧದಷ್ಟು ಹೊಂದುವುದಿಲ್ಲ. ಆಕೆಯ ಎಡಗಣ್ಣಿನಲ್ಲಿ ವ್ಯತ್ಯಾಸ ಶೇ 24, ಬಲಗಣ್ಣಿನಲ್ಲಿ ಶೇ 31. ಒಬ್ಬರದೇ ಕಣ್ಣಾದರೂ ವ್ಯತ್ಯಾಸ ಸೊನ್ನೆಯಾಗಲಿಲ್ಲ ನೋಡಿ. ಬೆಳಕು, ರೆಪ್ಪೆ, ಕ್ಯಾಮೆರಾದ ಕೋನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. "ಹೊಂದಿದೆ" ಎಂದರೆ ಅಚ್ಚೊತ್ತಿದಂತೆ ಒಂದೇ ಎಂದಲ್ಲ. ಬೇರೆಯವರ ಕಣ್ಣು ಇಷ್ಟು ಹತ್ತಿರ ಬರುವುದು ತೀರಾ ಅಪರೂಪ ಎಂದಷ್ಟೇ.

ಅಪರೂಪವನ್ನು ಅಸಾಧ್ಯ ಎಂದುಕೊಂಡರೆ ಏನಾಗುತ್ತದೆ ಎಂಬುದನ್ನು ಬೆರಳಚ್ಚು ತೋರಿಸಿದೆ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಬೆರಳಚ್ಚು ಹೊಂದಿದೆ ಎಂದು ಎಫ್‌ಬಿಐ ಅಮೆರಿಕದ ವಕೀಲ ಬ್ರಾಂಡನ್ ಮೇಫೀಲ್ಡ್ ಅವರನ್ನು ಬಂಧಿಸಿತು. ಅದು ಬೇರೊಬ್ಬನದೆಂದು ಸ್ಪೇನ್ ಪೊಲೀಸರು ಪತ್ತೆಮಾಡಿದರು. ಎಫ್‌ಬಿಐ ಕ್ಷಮೆ ಕೇಳಿತು. ದೊಡ್ಡ ಕಡತದಲ್ಲಿ ಹುಡುಕಿದಷ್ಟೂ ಹೋಲುವವರು ಸಿಗುವ ಸಾಧ್ಯತೆ ಹೆಚ್ಚು.

ಹಾಗಾಗಿ ಮೂರು ಪ್ರಶ್ನೆ ಸಾಕು ಎನಿಸುತ್ತದೆ. ಒಂದು, ಚಿತ್ರ ಎಷ್ಟು ಸ್ಪಷ್ಟ? ಬೆರಳಚ್ಚಿನ ಹಾಗೆ ಕಣ್ಣಿನ ಗುರುತು ಬಾಗಿಲ ಮೇಲೆ ಉಳಿಯದು, ಕ್ಯಾಮೆರಾ ಚಿತ್ರವೇ ಬೇಕು. ಎರಡು, ಬೇರೆಯವರ ಕಣ್ಣು ಹೀಗೆ ಹೊಂದುವ ಸಾಧ್ಯತೆ ಎಷ್ಟು? ಮೂರು, ಕಣ್ಣು ಅವನದೇ ಆದರೂ ಅದರಿಂದ ಏನು ಸಾಬೀತಾಯಿತು? ಅವನು ಅಲ್ಲಿದ್ದ ಎಂದಾಗಬಹುದು. ಕದ್ದ, ಕೊಂದ ಎಂದು ಐರಿಸ್ ಹೇಳದು.

ನಮ್ಮ ದೇಶದಲ್ಲೂ ಜ್ಯೂರಿ ಇತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಈಗ ತೀರ್ಪು ನ್ಯಾಯಾಧೀಶರದು. ಆದರೆ ಅದಕ್ಕೂ ಮೊದಲೇ ಊರಕಟ್ಟೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಒಬ್ಬನನ್ನು ಕಳ್ಳನೆಂದು ತೀರ್ಮಾನಿಸಿಬಿಡುತ್ತೇವೆ. "ಯಂತ್ರವೇ ಹೇಳಿದೆ" ಎಂದು ಯಾರಾದರೂ ಮೆಸೇಜ್ ಕಳಿಸಿದರೆ, ಮುಂದಕ್ಕೆ ಕಳಿಸುವ ಮುನ್ನ ಈ ಮೂರು ಪ್ರಶ್ನೆ ಕೇಳೋಣ.